ಹಡಗು ಆಮೇಲೆ ತನ್ನಿ, ಮೊದಲು ತಾಂಡೇಲರನ್ನು ಕೇಳಿ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ ನಮಸ್ಕಾರ. ನಮ್ಮ ಕರಾವಳಿಯಲ್ಲಿ ಪಾರಂಪರಿಕ ಕ್ರೂಸ್, ಅಂದರೆ ಹಳೆಯ ಕೋಟೆ, ದ್ವೀಪಗಳ ಕತೆ ಹೇಳುತ್ತಾ ಸುತ್ತಿಸುವ ಹಡಗು, ತರುವ ಮೊದಲು ತಾಂಡೇಲರನ್ನು, ಅಂದರೆ ಮೀನಿನ ಬೋಟು ನಡೆಸುವವರನ್ನು, ಕೇಳಿ ಅನ್ನಲು ಈ ಪತ್ರ.

ಕಳೆದ ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ಬಂದ ಅತ್ತೆಯನ್ನು ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದೆ. ದೊಡ್ಡ ಬೋಟು ದಡ ಮುಟ್ಟುವುದಿಲ್ಲ, ನಡುನೀರಲ್ಲೇ ಸಣ್ಣ ದೋಣಿಗೆ ಇಳಿಯಬೇಕು. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದು ಕೈಯಲ್ಲಿ ದೋಣಿಯವನ ಹೆಗಲು ಹಿಡಿದು ಅತ್ತೆ ಇಳಿದರು. ಹೋಗುವಾಗಲೂ ಬರುವಾಗಲೂ ಸ್ಪೀಕರ್‌ನಲ್ಲಿ ಸಿನಿಮಾ ಹಾಡು. ದ್ವೀಪದಲ್ಲಿ ಕಂಬದ ಹಾಗೆ ನಿಂತ ಕಲ್ಲುಗಳನ್ನು ಸವರಿ ನೋಡಿ, "ಇದನ್ನೆಲ್ಲ ಯಾರು ಕೆತ್ತಿದ್ದು?" ಅಂತ ಅತ್ತೆ ಕೇಳಿದರು. ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ನಮ್ಮ ನೆಲ ಮಡಗಾಸ್ಕರ್‌ನಿಂದ ಬೇರೆಯಾಗುವ ಹೊತ್ತಿನಲ್ಲಿ ಉಕ್ಕಿದ ಲಾವಾ ಅದು. ಆರುತ್ತಾ ಕುಗ್ಗಿ, ಬೇಸಿಗೆಯಲ್ಲಿ ಕೆರೆಯ ಕೆಸರು ಬಿರುಕು ಬಿಟ್ಟ ಹಾಗೆ ಸೀಳಿ, ಐದು ಮೂಲೆ, ಆರು ಮೂಲೆಯ ಕಂಬಗಳಾಯಿತು. ಊರವರ ಬಾಯಲ್ಲಿ ಅದು ತೋನ್ಸೆಪಾರ್. ಮೇರಿಯ ಹೆಸರು 1498ರಲ್ಲಿ ವಾಸ್ಕೋ ಡ ಗಾಮ ಇಟ್ಟದ್ದಂತೆ. ಅಲ್ಲೇ ಹತ್ತಿರ ದರಿಯಾ ಬಹದ್ದೂರ್‌ಗಡ ಇದೆ, ಬಿದನೂರಿನ ಅರಸ ಬಸಪ್ಪ ನಾಯಕನ ಕೋಟೆಯಿದ್ದ ದ್ವೀಪ. ನಮ್ಮ ಬೋಟಿನಲ್ಲಿ ಅದರ ಕಡೆ ಬೆರಳು ತೋರಿಸಿದವರೂ ಇಲ್ಲ.

ಪಾರಂಪರಿಕ ಕ್ರೂಸ್ ಬೇಕು ಅನ್ನುವವರಲ್ಲಿ ನಾನೂ ಒಬ್ಬ. ಹೊನ್ನಾವರದ ಎದುರು ಸಮುದ್ರದಲ್ಲೇ ಬಸವರಾಜದುರ್ಗ ಅನ್ನುವ ಕೋಟೆಯ ದ್ವೀಪ ಇದೆ. ಇನ್ನೂ ಉತ್ತರಕ್ಕೆ ಹೋದರೆ ಅಘನಾಶಿನಿ ನದಿ ದಂಡೆಯ ಮಿರ್ಜಾನ್ ಕೋಟೆ. ಅದನ್ನು ಆಳಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಿದ್ದರು. ಇದನ್ನು ಕೋಟೆ ಬಾಗಿಲಲ್ಲಿ ಬಸ್ಸಿಳಿದು ಕೇಳುವುದಕ್ಕೂ, ಮೆಣಸು ಸಾಗಿದ ನೀರಿನ ಮೇಲೆ ಕೂತು ಕೇಳುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಆದರೆ ಗೋವಾದ ಕ್ಯಾಸಿನೊ ಹಡಗಿನ ತಮ್ಮನನ್ನು ತಂದು ನಿಲ್ಲಿಸಬೇಡಿ. ನದಿ ಕಡಲು ಸೇರುವ ನಮ್ಮ ಅಳಿವೆಗಳಲ್ಲಿ ಹೂಳು ಜಾಸ್ತಿ. ಮೀನಿನ ಬೋಟುಗಳೇ ಭರತ, ಅಂದರೆ ನೀರು ಏರುವ ಹೊತ್ತು, ನೋಡಿಕೊಂಡು ಒಳಗೆ ಬರುತ್ತವೆ. ಮರಳಿನ ದಿಬ್ಬ ಈ ವರ್ಷ ಎಲ್ಲಿಗೆ ಸರಿದಿದೆ, ಯಾವ ಗಾಳಿಗೆ ಹೊರಡಬಾರದು ಅನ್ನುವುದು ತಾಂಡೇಲರಿಗೆ ಗೊತ್ತು. ಟೆಂಡರ್ ಕರೆಯುವ ಮೊದಲು ಅವರನ್ನು ಕೂರಿಸಿಕೊಂಡು ಕೇಳಿ. ಮಂಗಳೂರಿನಿಂದ ಕಾರವಾರಕ್ಕೆ ಒಂದೇ ಹಡಗು ಅನ್ನುವ ಆಸೆ ಬೇಡ. ಮಲ್ಪೆಯಿಂದ ಒಂದು, ಹೊನ್ನಾವರದಿಂದ ಒಂದು, ಅರ್ಧ ದಿನದ ಸುತ್ತು ಸಾಕು. ಮೀನುಗಾರರ ಮನೆಯ, ಕಾಲೇಜು ಓದಿದ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಪ್ರತಿ ಬೋಟಿನಲ್ಲೂ ಕತೆ ಹೇಳಲು ಒಬ್ಬರನ್ನು ಇಡಿ. ಸ್ಪೀಕರ್ ಅವರ ಕೈಯಲ್ಲಿರಲಿ.

ಲೈಫ್ ಜಾಕೆಟ್ ವಿಷಯದಲ್ಲಿ ಮಾತ್ರ ಯಾರ ಮುಖವನ್ನೂ ನೋಡಬೇಡಿ. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಕಾರವಾರಕ್ಕೆ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಹೋದರು. ಮಕ್ಕಳೂ ಇದ್ದರು.

ಮಳೆಗಾಲದಲ್ಲಿ ಹೇಗೂ ಕಡಲಿಗೆ ಇಳಿಯುವ ಹಾಗಿಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೂ 61 ದಿನ ರಜೆ. ತಾಂಡೇಲರು ಮನೆಯಲ್ಲೇ ಸಿಗುತ್ತಾರೆ, ಅಧಿಕಾರಿಗಳನ್ನು ಆಗ ಕಳಿಸಿ.

ಅತ್ತೆ ಈ ಡಿಸೆಂಬರ್‌ಗೂ ಬರುತ್ತಾರಂತೆ. ಬಸವರಾಜದುರ್ಗ ನೋಡಬೇಕಂತೆ.

ಇಂತಿ,
ಮಲ್ಪೆ ಹತ್ತಿರದ ಒಬ್ಬ ಮತದಾರ