ಮಾನಾ ಪೂಲ್ಸ್‌ಗೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಹರಾರೆಯ ಗೆಳತಿಯರ ಜೊತೆ ಜಿಂಬಾಬ್ವೆಯ ಮಾನಾ ಪೂಲ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿದ್ದೀಯ ಅಂತ ಕೇಳಿ ಖುಷಿಯಾಯಿತು. ನಾನು ಕಳಿಸಿದ ನಿಂಬೆಕಾಯಿ ಉಪ್ಪಿನಕಾಯಿ ಮನೆಯಲ್ಲೇ ಇರಲಿ. ಕಿತ್ತಳೆ, ನಿಂಬೆಯಂಥ ಹಣ್ಣನ್ನು ಆ ಪಾರ್ಕಿನೊಳಗೆ ತರುವ ಹಾಗಿಲ್ಲ. ಆನೆಗೆ ಆ ವಾಸನೆ ಅಂದರೆ ಪ್ರಾಣ. ರುಚಿ ಹತ್ತಿತೋ, ಟೆಂಟು, ಕಾರು ಯಾವುದನ್ನೂ ಬಿಡುವುದಿಲ್ಲ, ಕಿತ್ತು ಹುಡುಕುತ್ತದೆ. ತಪ್ಪು ನಮ್ಮದು, ಗುಂಡು ಆನೆಗೆ.

ನಮ್ಮ ಕಬಿನಿಯಲ್ಲಿ ಜೀಪಿನಿಂದ ಕಾಲು ಕೆಳಗಿಟ್ಟರೆ ಬೈಗುಳ. ಅಲ್ಲಿ ಹಾಗಲ್ಲ. ಗೈಡ್ ಇಲ್ಲದೆಯೂ ಕಾಡಿನಲ್ಲಿ ನಡೆಯಲು ಬಿಡುವ ಪಾರ್ಕು ಅಂತಲೇ ಅದಕ್ಕೆ ಹೆಸರು. ಬಿಡುತ್ತಾರೆ ಅಂತ ನೀನು ಸುಮ್ನೆ ಹೊರಟುಬಿಡಬೇಡ. ಲೈಸೆನ್ಸ್ ಇರುವ ಗೈಡನ್ನೇ ಕರೆದುಕೊಂಡು ಹೋಗು. ಜಿಂಬಾಬ್ವೆಯಲ್ಲಿ ಆ ಲೈಸೆನ್ಸ್ ಸಿಗಬೇಕಾದರೆ ವರ್ಷಗಟ್ಟಲೆ ಕಲಿಯಬೇಕು. ಅವರು ನಿಲ್ಲು ಅಂದ ಕಡೆ ನಿಲ್ಲು. ಇಲ್ಲಿ ಸಫಾರಿಗೆ ಬಂದವರು ಡ್ರೈವರ್ ಕೈಗೆ ನೂರರ ನೋಟು ತುರುಕಿ 'ಇನ್ನೂ ಸ್ವಲ್ಪ ಹತ್ತಿರ ಹೋಗಣ್ಣ' ಅನ್ನುವುದನ್ನು ನೀನೂ ನೋಡಿದ್ದೀಯ ಅಲ್ವಾ? ಕಾಡಿಗೆ ಅದಕ್ಕಿಂತ ದೊಡ್ಡ ಕಾಟ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಜಾಂಬೆಜಿ ನದಿ ದಂಡೆಯಲ್ಲಿ ಆನಾ ಅನ್ನುವ ಮರಗಳಿವೆ. ವಿಚಿತ್ರ ಮರ. ಮಳೆಗಾಲದಲ್ಲಿ ಎಲೆ ಉದುರಿಸುತ್ತದೆ, ಉಳಿದೆಲ್ಲ ಒಣಗಿದಾಗ ಹಸಿರಾಗಿರುತ್ತದೆ. ಅದರ ಕಾಯಿಗಾಗಿ ಆನೆಗಳು ಟೆಂಟಿನ ಪಕ್ಕಕ್ಕೇ ಬರುತ್ತವೆ. ಕೆಲವು ಗಂಡಾನೆಗಳು ಹಿಂಗಾಲಿನ ಮೇಲೆ ಎದ್ದು ನಿಂತು ಕೊಂಬೆ ಎಳೆಯುತ್ತವೆ! ಆ ಫೋಟೋಗಾಗಿ ಜನ ಹತ್ತಿರ ಹತ್ತಿರ ಸರಿಯುತ್ತಾರೆ. ನಿನ್ನಿಂದಾಗಿ ಆನೆ ಮೇಯುವುದು ನಿಲ್ಲಿಸಿ ಕಿವಿ ಅಗಲಿಸಿತು ಅಂದರೆ ನೀನು ಆಗಲೇ ಜಾಸ್ತಿ ಹತ್ತಿರ ಹೋಗಿದ್ದೀಯ ಅಂತ ಅರ್ಥ.

ಅಲ್ಲಿನ ಕಾಡುನಾಯಿ ನಮ್ಮ ನಾಗರಹೊಳೆಯ ಸೀಳುನಾಯಿಯಲ್ಲ, ಬೇರೆಯದೇ ಜಾತಿ. ಇಡೀ ಆಫ್ರಿಕಾದಲ್ಲಿ ಉಳಿದಿರುವುದೇ ಕೆಲವು ಸಾವಿರ. ಮರಿಗಳಿರುವ ಬಿಲದ ಹತ್ತಿರ ಮಾತ್ರ ಸುಳಿಯಬೇಡ. ಗಾಬರಿಯಾದ ತಾಯಿ ಮರಿಗಳನ್ನು ಬೇರೆ ಕಡೆ ಸಾಗಿಸುತ್ತದೆ, ದಾರಿಯಲ್ಲಿ ಸಿಂಹ, ಕತ್ತೆಕಿರುಬದ ಬಾಯಿಗೆ ಬೀಳುವ ಭಯ. ಬಿಲ ಎಲ್ಲಿದೆ ಅಂತ ಇನ್‌ಸ್ಟಾಗ್ರಾಂನಲ್ಲಿ ಹಾಕುವುದೂ ಬೇಡ. 1984ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ಮಾನಾ ಪೂಲ್ಸ್‌ನಲ್ಲಿ ಕಪ್ಪು ಘೇಂಡಾಮೃಗಗಳಿದ್ದವು. ಕಳ್ಳಬೇಟೆಗಾರರು ಅವನ್ನು ಹೆಚ್ಚುಕಡಿಮೆ ಮುಗಿಸಿಬಿಟ್ಟರು. ಕೊನೆಗೆ ಉಳಿದ ಕೆಲವನ್ನು ಅಲ್ಲಿಂದ ಬೇರೆಡೆಗೆ ಸಾಗಿಸಬೇಕಾಯಿತು.

ಕಡುನೀಲಿ, ಕಪ್ಪು ಬಟ್ಟೆ ಬೇಡ, ಕಚ್ಚುವ ತ್ಸೆತ್ಸೆ ನೊಣ ಮುತ್ತುತ್ತದೆ. ಮಲೇರಿಯಾ ಮಾತ್ರೆ ಮರೀಬೇಡ. ಕ್ಯಾಂಪಿಗೆ ಬೇಲಿಯಿಲ್ಲ, ರಾತ್ರಿ ನೀರಾನೆ ಮೇಯಲು ಮೇಲೆ ಬರುತ್ತದೆ, ಒಬ್ಬಳೇ ಹೊರಗೆ ಕಾಲಿಡಬೇಡ. ಒಳಗೆ ಅಂಗಡಿಯಿಲ್ಲ, ಪೆಟ್ರೋಲ್ ಬಂಕ್ ಇಲ್ಲ. ಕಸವನ್ನೆಲ್ಲ ಕಟ್ಟಿಕೊಂಡೇ ವಾಪಸ್ ಬನ್ನಿ.

ಹೊರಗೆ ಬಂದು ಸಿಗ್ನಲ್ ಸಿಕ್ಕ ಕೂಡಲೇ ಫೋನ್ ಮಾಡು. ಎರಡು ಕಾಲಲ್ಲಿ ನಿಂತ ಆನೆಯ ಫೋಟೋ ಬೇಕೇ ಬೇಕು ಅಂತಿದ್ದಾರೆ ನಿನ್ನಪ್ಪ. ದೂರದಿಂದ ತೆಗೆದದ್ದಾದರೆ ಕಳಿಸು.

ಇಂತಿ,
ಅಮ್ಮ