ಗಂಡು ಕುದುರೆಯ ಆಯ್ಕೆ: ರೇಸ್ ಗೆಲುವೊಂದೇ ಸಾಲದು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿದ ಮೇಲೆ, ರೇಸ್‌ನಿಂದ ನಿವೃತ್ತವಾದ ಥರೋಬ್ರೆಡ್ (ರೇಸ್ ತಳಿಯ) ಹೆಣ್ಣು ಕುದುರೆಯಿಂದ, ಅಡೆತಡೆ ಜಿಗಿಯುವ ಕ್ರೀಡೆಗೆ ತಕ್ಕ ಮರಿ ಪಡೆಯುವ ಆಸೆ ನನ್ನಂಥವರಲ್ಲಿ ಚಿಗುರಿದೆ. ಆದರೆ ಗಂಡನ್ನು ಆರಿಸುವಾಗ ರೇಸ್ ಗೆಲುವಿನ ಪಟ್ಟಿಯನ್ನಷ್ಟೇ ನೋಡುವ ಚಾಳಿ ನಮ್ಮನ್ನು ಬಿಟ್ಟಿಲ್ಲ.

ನಾನು ಎಡವಿದ್ದು ಇನ್ನೊಂದು ಬಗೆಯಲ್ಲಿ. ನನ್ನ ಹೆಣ್ಣು ಕುದುರೆಯ ಹಿಂಗಾಲು ಕೀಲಿನ ಬಳಿ ತೀರಾ ನೆಟ್ಟಗಿತ್ತು. ಅದನ್ನು ಸರಿದೂಗಿಸಲೆಂದು ಕೀಲು ಅತಿಯಾಗಿ ಬಾಗಿದ್ದ ಗಂಡನ್ನೇ ಹುಡುಕಿ ಕೂಡಿಸಿದೆ. ಎರಡು ವಿಪರೀತಗಳು ಸೇರಿದರೆ ನಡುವಿನದು ಹುಟ್ಟುತ್ತದೆಂಬ ಖಾತ್ರಿಯಿಲ್ಲ. ಹನ್ನೊಂದು ತಿಂಗಳು ಕಾದು ಪಡೆದ ಮರಿ ತಾಯಿಯಂಥದೇ ನೆಟ್ಟಗಿನ ಹಿಂಗಾಲುಗಳ ಮೇಲೆ ಎದ್ದು ನಿಂತಿತು. ಕೀಲು ಸರಿಯಾಗಿಯೇ ಇರುವ, ಅಂಥದೇ ಮರಿಗಳನ್ನು ಈಗಾಗಲೇ ಕೊಟ್ಟಿರುವ ಗಂಡನ್ನು ನಾನು ಹುಡುಕಬೇಕಿತ್ತು.

ಜಿಗಿತದಂಥ ಸವಾರಿ ಕ್ರೀಡೆಗಳಿಗೆಂದು ಬೆಳೆಸಿದ ವಿದೇಶಿ ವಾರ್ಮ್‌ಬ್ಲಡ್ ತಳಿಯ ಗಂಡಿನ ಶೀತಲೀಕೃತ ವೀರ್ಯ ತರಿಸುವವರು, ಮರಿಯ ಚರ್ಮ ಹರಿದುಹೋಗುವಂಥ ‘ಫ್ರಜೈಲ್ ಫೋಲ್ ಸಿಂಡ್ರೋಮ್’ ದೋಷದ ವರದಿಯನ್ನು ಮೊದಲೇ ಕೇಳಬೇಕು. ತಂದೆ, ತಾಯಿ ಎರಡೂ ವಾಹಕಗಳಾಗಿದ್ದರೆ (ತಮಗೆ ರೋಗವಿಲ್ಲದೆ ದೋಷದ ವಂಶವಾಹಿಯನ್ನು ಹೊತ್ತಿದ್ದರೆ) ಪ್ರತಿ ಗರ್ಭಕ್ಕೂ ಶೇ 25ರಷ್ಟು ಅಪಾಯ. ಈ ವಂಶವಾಹಿ ಥರೋಬ್ರೆಡ್‌ಗಳಲ್ಲೂ ಕಂಡುಬಂದಿರುವುದರಿಂದ, ಬೇರುಸಹಿತ ಕಿತ್ತ ಕೆಲವು ಕೂದಲುಗಳಿಂದ ನಮ್ಮ ಹೆಣ್ಣು ಕುದುರೆಯನ್ನೂ ಪರೀಕ್ಷೆ ಮಾಡಿಸುವುದು ಒಳ್ಳೆಯದು.

– ಕುದುರೆ ಸಾಕಣೆದಾರ, ಬೆಂಗಳೂರು ಗ್ರಾಮಾಂತರ