ಗೆಳೆಯನಿಗೊಂದು ಪತ್ರ: ಸ್ಟಾಕ್‌ಹೋಮಿನಲ್ಲಿ ಒಂದು ಬುಧವಾರ

ಪ್ರೀತಿಯ ಗೆಳೆಯಾ,

ಜನವರಿಯಲ್ಲಿ ಸ್ಟಾಕ್‌ಹೋಮಿಗೆ ಹೋಗ್ತೀಯ, ಕೈಯಲ್ಲಿ ಇರೋದು ಒಂದೇ ದಿನ ಅಂತ ಬರೆದಿದ್ದೆ. ಆ ದಿನ ಬುಧವಾರ ಆಗೋ ಹಾಗೆ ನೋಡ್ಕೋ. ಯಾಕೆ ಅಂದರೆ, ಜನವರಿ ಮಧ್ಯದಲ್ಲಿ ಅಲ್ಲಿ ಸೂರ್ಯ ಹುಟ್ಟೋದು ಬೆಳಿಗ್ಗೆ ಎಂಟೂವರೆಗೆ, ಮುಳುಗೋದು ಮಧ್ಯಾಹ್ನ ಮೂರೂಕಾಲಿಗೆ. ಮುಳುಗಿ, ಶತಮಾನಗಳ ಮೇಲೆ ನೀರಿನಿಂದ ಎತ್ತಿದ ವಾಸಾ ಹಡಗಿನ ಮ್ಯೂಸಿಯಂ ಚಳಿಗಾಲದಲ್ಲಿ ಉಳಿದ ದಿನ ಐದಕ್ಕೆ ಮುಚ್ಚುತ್ತೆ, ಬುಧವಾರ ಮಾತ್ರ ರಾತ್ರಿ ಎಂಟರ ತನಕ ತೆಗೆದಿರುತ್ತೆ. ಹೆಚ್ಚಿನವರು ಬೆಳಿಗ್ಗೆ ಹತ್ತಕ್ಕೇ ಮ್ಯೂಸಿಯಂ ಒಳಗೆ ಹೊಕ್ಕು, ಊಟ ಮುಗಿಸಿ ಹೊರಗೆ ಬರೋ ಹೊತ್ತಿಗೆ ಹಗಲು ಹೆಚ್ಚುಕಡಿಮೆ ಮುಗಿದಿರುತ್ತೆ. ವಾಸಾ ಇರೋ ಹಜಾರ ಹೇಗೂ ಅರೆಗತ್ತಲು, ಅದನ್ನ ಹಗಲಲ್ಲಿ ನೋಡಿದರೂ ಒಂದೇ, ರಾತ್ರಿ ನೋಡಿದರೂ ಒಂದೇ. ಬೆಳಕನ್ನ ಬೀದಿಗೆ ಇಟ್ಟುಕೋ.

ಮೊದಲು ಮೈಮೇಲಿನ ಬಟ್ಟೆ. ಚಳಿ ಸಾಮಾನ್ಯವಾಗಿ ಸೊನ್ನೆಯಿಂದ ಮೈನಸ್ ಐದರ ಆಸುಪಾಸು, ಒಮ್ಮೊಮ್ಮೆ ಇನ್ನೂ ಕೆಳಕ್ಕೆ. ಸುತ್ತ ನೀರಿರೋ ಊರಾದ್ದರಿಂದ ಗಾಳಿ ತೇವದ್ದು, ಮೂಳೆಗೆ ಹಿಡಿಯುತ್ತೆ. ಮೈಗೆ ಅಂಟಿಕೊಂಡಿರೋ ಬಟ್ಟೆ ಹತ್ತಿಯದ್ದು ಬೇಡ. ನಡೆದಾಗ ಬಂದ ಬೆವರನ್ನ ಹತ್ತಿ ಕುಡಿದು ಇಟ್ಟುಕೊಳ್ಳುತ್ತೆ, ನಿಂತ ಕೂಡಲೇ ಅದೇ ತಣ್ಣಗಾಗಿ ಬೆನ್ನು ನಡುಗುತ್ತೆ. ತೆಳ್ಳಗಿನ ಉಣ್ಣೆಯ ಬನಿಯನ್, ಅದರ ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯೋ ಜಾಕೆಟ್ ಸಾಕು. ಬೂಟು ಅರ್ಧ ಸೈಜ್ ದೊಡ್ಡದಿರಲಿ. ಎರಡು ಜೊತೆ ಕಾಲುಚೀಲ ತುರುಕಿ ಬಿಗಿ ಮಾಡಿದರೆ ಬೆಚ್ಚಗಿಡೋ ಗಾಳಿಗೇ ಜಾಗ ಉಳಿಯಲ್ಲ, ಬೆರಳು ಇನ್ನಷ್ಟು ಬೇಗ ಮರಗಟ್ಟುತ್ತೆ. ಬೂಟಿನ ಅಡಿಗೆ ಸಿಕ್ಕಿಸೋ ಮೊಳೆಯ ರಬ್ಬರ್ ಪಟ್ಟಿ ಸಿಗುತ್ತೆ, ಅಲ್ಲಿನವರು ಬ್ರೊಡ್ಡಾರ್ ಅಂತಾರೆ. ಒಂದು ಜೊತೆ ಜೇಬಲ್ಲಿರಲಿ, ಆದರೆ ಅಂಗಡಿ, ಮ್ಯೂಸಿಯಂ ಒಳಗೆ ಹೋಗುವಾಗ ಬಿಚ್ಚು. ನುಣುಪು ಕಲ್ಲಿನ ನೆಲದ ಮೇಲೆ ಅದೇ ಜಾರುತ್ತೆ. ಫೋನ್ ಒಳಜೇಬಲ್ಲಿ ಮೈಗೆ ತಾಗಿಕೊಂಡಿರಲಿ, ಚಳಿಗೆ ಬ್ಯಾಟರಿ ಇದ್ದಕ್ಕಿದ್ದಂತೆ ಕೈಕೊಡುತ್ತೆ.

ನೋಟು ಬದಲಿಸಿಕೊಳ್ಳೋಕೆ ಹೋಗಬೇಡ, ಅದನ್ನ ತಗೊಳ್ಳೋರೇ ಅಪರೂಪ. ಬಸ್ಸಿನ ಡ್ರೈವರ್ ಟಿಕೆಟ್ ಕೊಡಲ್ಲ, ನಗದೂ ಮುಟ್ಟಲ್ಲ. ಮೆಟ್ರೋ ಗೇಟಿಗೆ ಬ್ಯಾಂಕ್ ಕಾರ್ಡ್ ತಾಗಿಸಿದರೆ 75 ನಿಮಿಷದ ಟಿಕೆಟ್ ಆಯ್ತು. ಅಷ್ಟರೊಳಗೆ ಮೆಟ್ರೋ, ಬಸ್ಸು, ಟ್ರಾಮ್ ಎಷ್ಟು ಸಲ ಬದಲಿಸಿದರೂ ಮತ್ತೆ ದುಡ್ಡಿಲ್ಲ. ಎಡವೋದು ಇಲ್ಲೇ: ಒಮ್ಮೆ ಕಾರ್ಡ್, ಮುಂದಿನ ಸಲ ಅದೇ ಕಾರ್ಡ್ ಇರೋ ಫೋನ್ ತಾಗಿಸಿದರೆ ಯಂತ್ರಕ್ಕೆ ನೀನು ಬೇರೆ ಆಸಾಮಿ, ಎರಡನೇ ಟಿಕೆಟ್ ಕತ್ತರಿಸುತ್ತೆ. ದಿನವೆಲ್ಲ ಓಡಾಡೋದಾದರೆ 24 ಗಂಟೆಯ ಟಿಕೆಟ್ಟೇ ನೆಮ್ಮದಿ.

ಬೆಳಿಗ್ಗೆ ಒಂಬತ್ತೂಕಾಲಿಗೆ ಮಾಂಟೆಲಿಯಸ್ ವೇಗನ್ ಅನ್ನೋ ಕಾಲುದಾರಿಯಲ್ಲಿರು. ಸ್ಲುಸ್ಸೆನ್ ಮೆಟ್ರೋದಿಂದ ಕಾಲುಗಂಟೆಯ ನಡಿಗೆ, ಕಾಲುದಾರಿಯ ಉದ್ದ ಸುಮಾರು ಅರ್ಧ ಕಿಲೋಮೀಟರ್. ಬಂಡೆಯ ಅಂಚಿನಲ್ಲಿ ಉತ್ತರಕ್ಕೆ ಮುಖ ಮಾಡಿದ ದಾರಿ ಅದು. ಬೆನ್ನ ಹಿಂದಿನಿಂದ ಬರೋ ಎಳೆಬಿಸಿಲು ನೀರಿನಾಚೆಯ ನಗರಸಭೆಯ ಕೆಂಪಿಟ್ಟಿಗೆಯ ಮೇಲೆ ನೇರ ಬೀಳುತ್ತೆ. 106 ಮೀಟರಿನ ಆ ಗೋಪುರ ಹತ್ತೋ ಆಸೆ ಬೇಡ, ಚಳಿಗಾಲದಲ್ಲಿ ಬೀಗ. ದಾರಿಯ ಹಲಗೆಗಳ ಮೇಲೆ ಮಂಜು ಗಟ್ಟಿಯಾಗಿರುತ್ತೆ, ಬ್ರೊಡ್ಡಾರ್ ಹಾಕೋ ಜಾಗ ಇದೇ.

ಅಲ್ಲಿಂದ ಇಳಿದು ಹಳೇ ಪೇಟೆ ಗಾಮ್ಲಾ ಸ್ತಾನಿಗೆ. ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಹತ್ತು ಡಿಗ್ರಿ ಮೇಲೇರಲ್ಲ, ಹಾಗಾಗಿ ಗಲ್ಲಿಗಳ ನೆಲಕ್ಕೆ ತಿಂಗಳುಗಟ್ಟಲೆ ಬಿಸಿಲೇ ಇಲ್ಲ. ಜಾರದಿರಲಿ ಅಂತ ಉದುರಿಸಿದ ಜಲ್ಲಿ ಎಲ್ಲಿದೆ ನೋಡಿ ಕಾಲಿಡು. ಗೋಡೆಗೆ ಅಡ್ಡಲಾಗಿ ಕೋಲು ಒರಗಿಸಿದ್ದರೆ ಮೇಲಿನ ಚಾವಣಿಯಿಂದ ಹಿಮ ಬೀಳಬಹುದು ಅಂತ ಅರ್ಥ, ಬೀದಿಯ ಆಚೆ ಬದಿ ಹಿಡಿ. ಮೋರ್ಟೆನ್ ತ್ರೊಟ್ಸಿಗ್ ಗಲ್ಲಿ ಒಂದು ಕಡೆ 90 ಸೆಂಟಿಮೀಟರ್ ಅಗಲ ಅಷ್ಟೇ, 36 ಮೆಟ್ಟಿಲು. ಎದುರಿಂದ ಯಾರಾದರೂ ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು. ಅರಮನೆಯ ಹತ್ತಿರ ಫಿನ್ನಿಷ್ ಚರ್ಚಿನ ಹಿತ್ತಲಲ್ಲಿ ಕಬ್ಬಿಣದ ಪುಟ್ಟ ಹುಡುಗ ಮೊಣಕಾಲು ಅಪ್ಪಿಕೊಂಡು ಚಂದ್ರನನ್ನ ನೋಡ್ತಾ ಕೂತಿದ್ದಾನೆ, ಎತ್ತರ ಒಂದು ಗೇಣಿಗಿಂತ ಕಡಿಮೆ. ಶಿಲ್ಪಿ ಲಿಸ್ ಎರಿಕ್‌ಸನ್. ಚಳಿಗಾಲದಲ್ಲಿ ಯಾರೋ ಅವನಿಗೂ ಉಣ್ಣೆಯ ಟೋಪಿ, ಮಫ್ಲರ್ ಹೆಣೆದು ತೊಡಿಸಿರ್ತಾರೆ. ಮುಟ್ಟಿ ಮುಟ್ಟಿ ತಲೆ ನುಣ್ಣಗಾಗಿದೆ.

ಸ್ತೂರ್‌ತೋರ್ಯೆಟ್ ಚೌಕದಲ್ಲೇ ನೊಬೆಲ್ ಮ್ಯೂಸಿಯಂ. ಚಿಕ್ಕದು, ಒಂದು ಗಂಟೆಯ ಕೆಲಸ. ಬೆಂಗಳೂರನ್ನೇ ಮನೆ ಮಾಡಿಕೊಂಡ ಸಿ. ವಿ. ರಾಮನ್ ಪ್ರಶಸ್ತಿ ತಗೊಳ್ಳೋಕೆ ಈ ಊರಿಗೆ ಬಂದಿದ್ದು 1930ರ ಡಿಸೆಂಬರಿನಲ್ಲಿ, ಇದಕ್ಕಿಂತ ಕಡಿಮೆ ಬೆಳಕಿನ ದಿನಗಳಲ್ಲಿ. ಅಲ್ಲಿನ ಕೆಫೆಯ ಕುರ್ಚಿ ಎತ್ತಿ ತಿರುಗಿಸಿ ನೋಡು, ಸೀಟಿನ ಅಡಿಯಲ್ಲಿ ಪ್ರಶಸ್ತಿ ಪಡೆದವರ ಸಹಿ ಇರುತ್ತೆ. ಮ್ಯೂಸಿಯಂ ಶುರುವಾಗಿದ್ದು 2001ರಲ್ಲಿ, ಹಾಗಾಗಿ ರಾಮನ್ ಸಹಿ ಹುಡುಕಬೇಡ!

ಊಟ ಹನ್ನೊಂದರಿಂದ ಎರಡರ ಒಳಗೆ. ವಾರದ ದಿನಗಳಲ್ಲಿ ಹೋಟೆಲಿನ ಹೊರಗೆ 'ದಾಗೆನ್ಸ್' ಅಂತ ಹಲಗೆ ಹಾಕಿರ್ತಾರೆ, ಇವತ್ತಿನ ಊಟ ಅಂತ. ಬ್ರೆಡ್ಡು, ಸಲಾಡ್, ಕಾಫಿ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತೆ, ಬೆಲೆ 150 ಕ್ರೋನದ ಆಸುಪಾಸು. ಒಂದು ಕ್ರೋನಕ್ಕೆ ಒಂಬತ್ತು-ಹತ್ತು ರೂಪಾಯಿ ಲೆಕ್ಕ ಹಾಕು. ಅದೇ ಅಡುಗೆಮನೆಯಲ್ಲಿ ರಾತ್ರಿ ಒಂದು ತಟ್ಟೆಗೇ ಅದರ ಒಂದೂವರೆ, ಎರಡು ಪಟ್ಟು. ಹೊಟ್ಟೆ ತುಂಬಾ ತಿನ್ನೋದನ್ನ ಮಧ್ಯಾಹ್ನಕ್ಕೆ ಇಟ್ಟುಕೋ ಅನ್ನೋದು ಅದಕ್ಕೇ. ನೀರು ಬಾಟಲಿದು ಕೇಳಬೇಡ, ನಲ್ಲಿ ನೀರು ಚೆನ್ನಾಗಿರುತ್ತೆ. ಟಿಪ್ಸ್ ಕೊಡಲೇಬೇಕು ಅಂತಿಲ್ಲ. ಪ್ರಸಿದ್ಧ ಮಾಂಸದುಂಡೆಯಲ್ಲಿ ಸಾಮಾನ್ಯವಾಗಿ ದನ, ಹಂದಿ ಎರಡೂ ಬೆರೆತಿರುತ್ತೆ, ಜೊತೆಗೆ ಬೇಯಿಸಿ ಹಿಸುಕಿದ ಆಲೂ, ಕೆಂಪು ಲಿಂಗನ್ ಹಣ್ಣಿನ ಜಾಮು. ನೀನು ತಿನ್ನಲ್ಲ ಅಂದರೆ 'ವೆಗೆಟಾರಿಸ್ಕ್' ಅಂತ ಕೇಳು. ಇನ್ನೊಂದು ಹುಷಾರು: ಎನ್, ಎರಡು ಚುಕ್ಕೆಯ ಓ, ಟಿ ಸೇರಿದ ಪದಕ್ಕೆ ಬಾದಾಮಿ-ಗೋಡಂಬಿಯ ಥರದ ಬೀಜ ಅನ್ನೋ ಅರ್ಥವೂ ಇದೆ, ದನ ಅನ್ನೋ ಅರ್ಥವೂ ಇದೆ. ನಿಘಂಟಿನ ಆ್ಯಪ್ ಯಾವುದನ್ನ ಆರಿಸುತ್ತೋ ಅದರ ಅದೃಷ್ಟ. ಕೇಳಿಯೇ ತಿನ್ನು.

ಎರಡು ಗಂಟೆ ಸುಮಾರಿಗೆ ಸ್ಲುಸ್ಸೆನ್ ದಡದಿಂದ 82ನೇ ನಂಬರಿನ ದೋಣಿ ಹಿಡಿ. ಮೆಟ್ರೋ ಟಿಕೆಟ್ಟೇ ಅದಕ್ಕೂ ಸಲ್ಲುತ್ತೆ. ದುಡ್ಡು ಕೊಟ್ಟು ಹೋಗೋ ಪ್ರವಾಸಿ ದೋಣಿಯ ಅರ್ಧ ನೋಟ ಇದರಲ್ಲೇ ಸಿಗುತ್ತೆ. ಯೂರ್‌ಗೋರ್ಡನ್ ದ್ವೀಪದಲ್ಲಿ ಇಳಿದು ಹತ್ತು ನಿಮಿಷ ದಡ ಹಿಡಿದು ನಡೆದರೆ ಚಾವಣಿಯ ಮೇಲೆ ಪಟಸ್ತಂಭ ಎದ್ದಿರೋ ಕಟ್ಟಡ ಕಾಣುತ್ತೆ. ಅದೇ ವಾಸಾ.

ಇಲ್ಲಿ ಎರಡೂವರೆ ಗಂಟೆ ಕೊಡು. ಹದಿನೆಂಟರ ತನಕದ ಮಕ್ಕಳಿಗೆ ಉಚಿತ, ಉಳಿದವರಿಗೆ 200 ಕ್ರೋನದ ಸುತ್ತಮುತ್ತ. ಒಳಗೆ ಹೋದಮೇಲೆ ಜಾಕೆಟ್ ಬಿಚ್ಚು, ಸ್ವೆಟರ್ ಇರಲಿ. ಮರಕ್ಕೋಸ್ಕರ ಒಳಗೆ 18-20 ಡಿಗ್ರಿಯಲ್ಲೇ ಇಟ್ಟಿರ್ತಾರೆ. 2000ನೇ ಇಸವಿಯ ಮಳೆಗಾಲದಂಥ ಬೇಸಿಗೆಯಲ್ಲಿ ಜನರ ಒದ್ದೆ ಬಟ್ಟೆಯ ತೇವಕ್ಕೇ ಹಡಗಿನ ಮರದ ಮೇಲೆ ಆಮ್ಲದ ಉಪ್ಪು ಬಿಳಿಯಾಗಿ ಉಕ್ಕಿ ಬಂದಿತ್ತು. ಆಮೇಲೆ ಗಾಳಿಯ ವ್ಯವಸ್ಥೆಯನ್ನೇ ಬದಲಿಸಿದರು, ತುಕ್ಕು ಹಿಡಿದ ಐದು ಸಾವಿರಕ್ಕೂ ಹೆಚ್ಚು ಬೋಲ್ಟು ಕಿತ್ತು ಸ್ಟೀಲಿನದು ಹಾಕಿದರು.

ಹಡಗು 1628ರ ಆಗಸ್ಟ್ 10ರಂದು ಮೊದಲ ಯಾನಕ್ಕೇ ಹೊರಟು 1,300 ಮೀಟರ್ ಹೋಗಿ ಮುಳುಗಿತು. ಎದುರು ನಿಂತು ಕೆಳಗಿನ ಸಾಲಿನ ಫಿರಂಗಿ ಕಿಂಡಿಗಳನ್ನ ನೋಡು. ಮೇಲ್ಭಾಗ ಅತಿ ಭಾರ, ನೀರಿನ ಕೆಳಗಿನ ಹೊಟ್ಟೆ ಚಿಕ್ಕದು. ಗಾಳಿಗೆ ವಾಲಿದಾಗ ತೆರೆದಿದ್ದ ಆ ಕಿಂಡಿಗಳಿಂದಲೇ ನೀರು ನುಗ್ಗಿತು. ತಳದಲ್ಲಿ 120 ಟನ್ ಕಲ್ಲು ಇತ್ತು. ಇನ್ನಷ್ಟು ಹಾಕಿದ್ದರೆ ಕಿಂಡಿಗಳೇ ನೀರಿಗೆ ಇನ್ನೂ ಹತ್ತಿರ ಇಳೀತಿದ್ದವು. ಹೊರಡೋ ಮೊದಲು 30 ಜನರನ್ನ ಡೆಕ್ಕಿನ ಮೇಲೆ ಆಚೆಯಿಂದ ಈಚೆಗೆ ಓಡಿಸಿ ಪರೀಕ್ಷೆ ಮಾಡಿದ್ದರು, ಮೂರನೇ ಓಟಕ್ಕೇ ಹಡಗು ಉರುಳೋ ಹಾಗೆ ಕಂಡು ನಿಲ್ಲಿಸಿದ್ದರು. ಆದರೂ ಬಿಟ್ಟರು, ರಾಜನಿಗೆ ಅವಸರ! ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಡಿಮೆ, ಮರ ಕೊರೆಯೋ ಹಡಗುಹುಳ ಬದುಕಲ್ಲ. 333 ವರ್ಷದ ಮೇಲೆ, 1961ರಲ್ಲಿ ಎತ್ತಿದಾಗ ಇಡೀ ಹಡಗು ಸಿಕ್ಕಿದ್ದು ಅದಕ್ಕೇ. ಎಲ್ಲ ಮಹಡಿ ಹತ್ತಿ ನೋಡು, ಹಿಂಭಾಗದ ಸಿಂಹಗಳ ಕೆತ್ತನೆ ಮೇಲಿನಿಂದಲೇ ಚೆಂದ.

ಹೊರಗೆ ಬಂದಾಗ ಕಡುಗತ್ತಲು. 7ನೇ ನಂಬರ್ ಟ್ರಾಮ್ ಹಿಡಿದು ಪೇಟೆಗೆ ಬಾ, ಒಂದು ಸೆಮ್ಲಾ ತಿನ್ನು. ಏಲಕ್ಕಿ ಹಾಕಿದ ಬನ್ನಿನ ತಲೆ ಕತ್ತರಿಸಿ, ಒಳಗೆ ಬಾದಾಮಿ ಹೂರಣ, ಮೇಲೆ ಕೆನೆ. ಜನವರಿಯಿಂದ ಈಸ್ಟರ್ ತನಕ ಅದರ ಕಾಲ. ಒಬ್ಬರಿಗೆ ಒಂದು ಹೆಚ್ಚೇ. ಮೆಟ್ರೋ ಹತ್ತುವಾಗ ಟಿ-ಸೆಂಟ್ರಾಲೆನ್ ನಿಲ್ದಾಣದ ನೀಲಿ ಲೈನಿಗೆ ಇಳಿ. ಬಂಡೆ ಕೊರೆದ ಚಾವಣಿಯ ತುಂಬಾ ಪೆರ್ ಓಲೊಫ್ ಉಲ್ಟ್‌ವೆಡ್ಟ್ ಬರೆದ ನೀಲಿ ಬಳ್ಳಿಗಳಿವೆ.

ಟಿಕೆಟ್ ಬುಕ್ ಆದಮೇಲೆ ತಾರೀಖು ತಿಳಿಸು. ಬುಧವಾರ ಸಿಗದಿದ್ದರೆ ನೊಬೆಲ್ ಮ್ಯೂಸಿಯಂ ಕೈಬಿಟ್ಟು, ಎರಡರ ಬದಲು ಮಧ್ಯಾಹ್ನ ಒಂದು ಗಂಟೆಗೇ ದೋಣಿ ಹಿಡಿ.

ಇತಿ ನಿನ್ನ ಗೆಳೆಯ